ತೌಡು ಕೊಟ್ಟು ಬಿಡಿಸಿಕೊಂಡ ಕೂಸು

ಮಗುವನ್ನು ಡೇಕೇರಿಗೆ ಬಿಡುವ ದಿನ ಹತ್ತಿರ ಬಂದಂತೆ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ನಿನ್ನೆ ಅಮೆರಿಕದ ಸನ್ನಿವೇಲಿನ ಈ ಅಡುಗೆಮನೆಯಲ್ಲಿ ಗೋಧಿ ತೌಡಿನ ಪೊಟ್ಟಣ ಒಡೆದೆ. ಆ ವಾಸನೆಗೆ ಮಂಡ್ಯದ ಹಳ್ಳಿಯ ಜಗಲಿ, ಮೊರ ಹಿಡಿದ ಅಜ್ಜಿ, ಹಾರುವ ಹೊಟ್ಟಿನೊಳಗಿನ ಬಿಸಿಲು ಎಲ್ಲ ತೇಲಿ ಬಂದವು.

ಕೇರುವಾಗೆಲ್ಲ ಅಜ್ಜಿ ತನ್ನ ತಾತ-ಅಜ್ಜಿಯ ಕಥೆ ಹೇಳುತ್ತಿದ್ದಳು. ಊರ ಕಡೆಗೆ ರೈಲೇ ಬಾರದ ಕಾಲ. ಆ ದಂಪತಿಗೆ ಮೂರು ಕೂಸು ಹುಟ್ಟಿ ಉಳಿದಿರಲಿಲ್ಲ. ಸಾವಿಗೂ ಬೇಡವಾಗಲೆಂದು ನಾಲ್ಕನೆಯದನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಬಿಟ್ಟರು. ಶಾಸ್ತ್ರದ ಪ್ರಕಾರ, ಬಿಟ್ಟವರು ತಿರುಗಿ ನೋಡದೆ ನಡೆಯಬೇಕು. ನೆರೆಯವಳು ಎತ್ತಿಕೊಂಡ ಮೇಲೆ ಮೊರ ತುಂಬ ತೌಡು ಕೊಟ್ಟು ಬಿಡಿಸಿಕೊಳ್ಳಬೇಕು.

“ನಮ್ಮಜ್ಜಿ ಗಟ್ಟಿಗಿತ್ತಿ, ನೋಡ್ನಿಲ್ಲ ಕಣವ್ವ. ಊರ್ನೆಲ್ಲ ಗದರ್ತಿದ್ದ ನಮ್ ತಾತನೇ ಹತ್ತೆಜ್ಜೆ ಹೋಗಿ, ಓಡ್ಬಂದು ಕೂಸ್ನ ತಬ್ಕಂಡ!”

“ಆಮೇಲೆ?”

“ನೆರೆಯವ್ಳು ಬೈದು ತಿರ್ಗಾ ಇಡಿಸಿದ್ಲು. ತಿರ್ಗಾ ಓಡ್ಬಂದ. ಮೂರ್ನೇ ಸಲ ಅಜ್ಜಿನೇ ಅವನ ರಟ್ಟೆ ಹಿಡ್ಕಂಡು ನಿಂತ್ಲು.”

“ಕೂಸು ಬದುಕ್ತಾ ಅಜ್ಜಿ?”

“ಬದುಕ್ದೆ ನಾನೆಲ್ಲಿಂದ ಬಂದ್ನೇ ಪೆದ್ದಿ? ಅವನೇ ನಮ್ಮಪ್ಪ ತಿಪ್ಪಯ್ಯ!”

ಇವತ್ತು ಬೆಳಿಗ್ಗೆ ಮಗುವನ್ನು ಡೇಕೇರಿನಲ್ಲಿ ಬಿಟ್ಟೆವು. ನಾನು ತಿರುಗಿ ನೋಡದೆ ಕಾರಿಗೆ ಬಂದೆ. ಸ್ಟಾರ್ಟಪ್ಪಿನ ಮೀಟಿಂಗಿಗೆ ಲೇಟಾಯಿತೆಂದು ದಾರಿಯುದ್ದಕ್ಕೂ ಗೊಣಗಿದ್ದ ಗಂಡ ಮಾತ್ರ ಇನ್ನೂ ಡೇಕೇರಿನ ಕಿಟಕಿಯ ಗಾಜಿಗೆ ಹಣೆ ಒತ್ತಿ ನಿಂತಿದ್ದ. ಹಾರ್ನ್ ಮಾಡಲು ನನಗೆ ಕೈ ಬರಲಿಲ್ಲ.