ಎರಡು ಓದಿನ ಹುಡುಗಿ

ಆ ಹುಡುಗಿಯ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಎಡಕ್ಕೆ ಕಾಯ್ದೆ ಪುಸ್ತಕದ ಚೀಲ, ಬಲಕ್ಕೆ ವ್ಯಾಪಾರ ಕಲಿಸುವ ಪುಸ್ತಕದ ಚೀಲ, ಕಾಯ್ದೆಯದೇ ಭಾರ. ಗಲ್ಲಿಯಲ್ಲಿ ಹತ್ತು ಬುರ್ಖಾ ಒಟ್ಟಿಗೆ ಬಂದರೂ ಆ ವಾಲಿದ ಭುಜ ನೋಡಿ ನಾನು ಆಕೆಯನ್ನು ಗುರುತಿಸುತ್ತಿದ್ದೆ.

ನಾನು ಕೆಂಪು ಬಾಳೆಹಣ್ಣು ಮಾರುವವಳು. ದಿನಾ ಕಮಲಾಪುರದಿಂದ ಬಸ್ಸಿಗೆ ಬುಟ್ಟಿ ಹೇರಿಕೊಂಡು ಬಂದು ಶಹಾಬಜಾರದ ಮೂಲೆಯಲ್ಲಿ ಕೂಡುತ್ತೇನೆ. ಆಕೆಯ ಮನೆ ಹಿಂದಿನ ಗಲ್ಲಿ, ಅಪ್ಪ ನಂದೂರಿನ ದಾಲ್ ಮಿಲ್ಲಿನಲ್ಲಿ. ಆಕೆಯದು ಐದು ವರ್ಷ ಓದಿದರೆ ಎರಡು ಡಿಗ್ರಿ ಕೊಡುವ ಓದಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದು ತಲೆಗೆ ಹತ್ತಲಿಲ್ಲ.

“ವಕೀಲಿ ಓದಿದ್ರ ಮಂದಿ ಮ್ಯಾಲ ಕೇಸ್ ಹಾಕ್ತಿ. ಧಂದಾ ಮಾಡಿದ್ರ ಮಂದಿ ನಿನ್ನ ಮ್ಯಾಲ ಹಾಕ್ತಾರ. ಎರಡೂ ಯಾಕ ಬೇ?” ಎಂದು ಕೇಳಿದೆ.

“ವಕೀಲರ ಫೀಸ್ ಉಳೀತದಲ್ರಿ ಆಯಿ!” ಎಂದು ನಕ್ಕಳು.

ಕೊನೆಯ ವರ್ಷ ಒಬ್ಬೊಬ್ಬರು ಒಂದೊಂದು ಸಣ್ಣ ವ್ಯಾಪಾರ ಹಿಡಿದು, ಮೂರು ತಿಂಗಳಲ್ಲಿ ಅದನ್ನು ಬೆಳೆಸಿ ತೋರಿಸಬೇಕಿತ್ತು. ಆಕೆ ನನ್ನ ಬುಟ್ಟಿ ಹಿಡಿದಳು. ಪಕ್ಕದಲ್ಲಿ ಕೂತು, ನಾನು ಏನು ಅಂದರೂ “ಬರ್ಕೊಳ್ಳಲೇನ್ರಿ ಆಯಿ?” ಎಂದು ಕೇಳಿಯೇ ಬರೆಯುತ್ತಿದ್ದಳು. “ಈಗ ಕೆಮ್ಮಿದೆ ನೋಡು, ಅದನ್ನೂ ಬರ್ಕೋ” ಎಂದರೆ ನಿಜಕ್ಕೂ ಬರೆದಳು. ಕಮಲಾಪುರಕ್ಕೂ ಬಂದು ಹುಲ್ಲಿನಡಿ ಕಾಯಿ ಮುಚ್ಚಿಟ್ಟು ಹಣ್ಣು ಮಾಡುವುದನ್ನು ನೋಡಿದಳು. ರಟ್ಟಿನ ಡಬ್ಬಿ ಮಾಡಿಸಿ, ಅದರ ಮೇಲೆ ‘ಪುಡಿ ಹಾಕದ ಹಣ್ಣು’ ಎಂದು ಚೀಟಿ ಅಂಟಿಸಿದಳು. “ಕಾಯಿ ಬೇಗ ಹಣ್ಣು ಮಾಡೋ ಕಾರ್ಬೈಡ್ ಪುಡಿ ಮಾತ್ರ ಬ್ಯಾಡ್ರಿ” ಎಂದಳು. ಹ್ಞೂಂ ಅಂದೆ.

ಮೂರು ತಿಂಗಳು ಮುಗಿದ ದಿನ ಕಾಲೇಜಿನಲ್ಲಿ ದೊಡ್ಡ ಸಭೆ. ಅಲ್ಲೇ ಓದಿ ಹೋದ ಹಳಬರೆಲ್ಲ ಬರುವವರಿದ್ದರು. ಅವರಲ್ಲಿ ಹೈದರಾಬಾದಿನ ಕಂಪನಿಯ ಒಬ್ಬ ಮೇಡಂ, ಯಾರ ಕೆಲಸ ಹಿಡಿಸುತ್ತದೋ ಅವರಿಗೆ ನೌಕರಿ ಕೊಡುತ್ತಾರೆ ಎಂದಿತ್ತು. ಹುಡುಗಿಗೆ ಆ ನೌಕರಿಯದೇ ಧ್ಯಾನ. “ಆಯಿ, ನಲವತ್ತು ಡಬ್ಬಿ ಹಣ್ಣು ಕೊಡ್ರಿ. ಅವರ ಕೈಯಾಗ ಹಣ್ಣು ಇಟ್ಟು ಮಾತಾಡಬೇಕು” ಎಂದಳು.

ಆ ವಾರ ಚಳಿ ಬಿತ್ತು. ಹುಲ್ಲಿನಡಿಯ ಕಾಯಿ ಕಾಯಾಗಿಯೇ ಉಳಿಯಿತು. ಚಳಿಯಲ್ಲಿ ನಾನು ಎಷ್ಟೋ ಸಲ ಪುಡಿ ಹಾಕಿದವಳೇ. ಆಕೆಗೆ ಒಳ್ಳೆಯದಾಗಲಿ ಎಂದು ಅವತ್ತೂ ಹಾಕಿದೆ, ಹೇಳಲಿಲ್ಲ. ಸಿಪ್ಪೆಗೆ ಚೆಂದ ಬಣ್ಣ ಬಂತು. ಆಕೆ ನೋಡಿ ಕುಣಿದಾಡಿ ಚೀಟಿ ಅಂಟಿಸಿದಳು.

ಸಭೆಗೆ ನನ್ನನ್ನೂ ಕರೆದೊಯ್ದು ಮುಂದಿನ ಕುರ್ಚಿಯಲ್ಲಿ ಕೂಡಿಸಿದಳು. ಆಕೆ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದಾಗ ಮೇಡಂ ಹಣ್ಣು ಸುಲಿದು ಕಚ್ಚಿದರು; ಕರವಸ್ತ್ರ ಬಾಯಿಗೆ ಹಿಡಿದರು. ಹುಡುಗಿ ಮಾತು ನಿಲ್ಲಿಸಿ ತಾನೂ ಒಂದು ಸುಲಿದಳು. ಒಳಗೆಲ್ಲ ಬಿಳಿ, ಗಟ್ಟಿ. ಮೂಸಿ ನೋಡಿದಳು. ನನ್ನನ್ನೂ ಒಂದು ಸಲ ನೋಡಿದಳು.

“ಮೇಡಂ, ಇದಕ್ಕ ಪುಡಿ ಬಿದ್ದದ. ಚೀಟಿ ಮ್ಯಾಲ ಬರ್ದದ್ದು ಸುಳ್ಳು. ಯಾರೂ ತಿನ್ನಬ್ಯಾಡ್ರಿ” ಎಂದಳು. ಈ ಸಲ ಕನ್ನಡದಲ್ಲೇ.

“ಹಾಕಿದವರು ಯಾರು?” ಎಂದು ಕಾಲೇಜಿನ ಸರ್ ಕೇಳಿದರು.

“ಚೀಟಿ ಅಂಟಿಸಿದಾಕಿ ನಾನ್ರಿ ಸರ್. ಸುಲ್ದು ನೋಡದ ಅಂಟಿಸೀನಿ.”

ನಾನು ಎದ್ದು ಹೇಳಬಹುದಿತ್ತು. ಏಳಲಿಲ್ಲ. ನೌಕರಿ ಬೇರೆ ಯಾರಿಗೋ ಹೋಯಿತು.

ಬಸ್ ಸ್ಟ್ಯಾಂಡಿನಲ್ಲಿ ನಾನೇ ಆಕೆಯನ್ನು ಬೈದೆ. “ಹುಚ್ಚಿ ಅದಿ ಏನ್? ಹಣ್ಣು ಇನ್ನೂ ಮಾಗಿಲ್ಲ ಅಂದಿದ್ರ ಮುಗೀತಿತ್ತು. ಇಲ್ಲಾ, ಮುದುಕಿ ಹಾಕ್ಯಾಳ ಅನ್ನಬೇಕಿತ್ತು.”

“ಅಂದಿದ್ರ ನಾಳಿ ನಿಮ್ಮ ಬುಟ್ಟಿ ಯಾರ್ ಮುಟ್ತಿದ್ರು ಆಯಿ?” ಎಂದಳು. ಅಳುತ್ತಿದ್ದಳು, ಆದರೂ ನನ್ನ ಬುಟ್ಟಿ ಬಸ್ಸಿಗೆ ಏರಿಸುತ್ತಿದ್ದಳು.

“ಅಲ್ಲಿ ಮಾತಾಡ್ದಾಕಿ ವಕೀಲಿ ಓದಿನಾಕಿನೋ, ಧಂದಾ ಓದಿನಾಕಿನೋ?”

“ಇಬ್ರೂ ಬ್ಯಾಡ ಬ್ಯಾಡ ಅಂದ್ರು ಆಯಿ. ಹೆಂಗೋ ಬಾಯಿಗೆ ಬಂದುಬಿಡ್ತು.”

ಇದು ನನಗೆ ಇನ್ನೂ ಬಗೆಹರಿದಿಲ್ಲ. ಎರಡು ಓದಿದವಳು ಎರಡೂ ಓದಿನ ಮಾತು ಕೇಳದಿದ್ದರೆ, ಯಾರ ಮಾತು ಕೇಳಿದಳು? ನನ್ನ ಮೇಲಿನ ಮಮತೆಯದೋ, ತನ್ನ ಮೇಲಿನ ಸಿಟ್ಟಿನದೋ? ಈಗ ಆಕೆ ಇಲ್ಲೇ ಕೋರ್ಟಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗಿದ್ದಾಳೆ. ಹೈದರಾಬಾದಿಗೆ ಹೋಗಿದ್ದರೆ ಸುಖವಿತ್ತೇ ಎಂದು ಕೇಳಲು ನನಗೆ ಬಾಯಿಲ್ಲ. ಪುಡಿ ಬಿಟ್ಟಿದ್ದೇನೆ. ಚಳಿ ಬಿದ್ದಾಗ ಬಾಜಾರಕ್ಕೇ ಹೋಗುವುದಿಲ್ಲ.

ಆ ಕಾಲೇಜಿನವರು ಹಳೆ ವಿದ್ಯಾರ್ಥಿಗಳ ಬಗ್ಗೆ ಪುಸ್ತಕ ಮಾಡುತ್ತಾರಂತೆ. ಗೊತ್ತಿದ್ದವರು ಬರೆದು ಕಳಿಸಿ ಎಂದಿದ್ದಾರೆ. ಆಕೆಗೆ ಹೇಳದೆ ಬರೆಸಿ ಕಳಿಸುತ್ತಿದ್ದೇನೆ. ತಿಳಿದರೆ ಬೈಯುತ್ತಾಳೆ, ಬೈಯಲಿ. ಇದನ್ನು ಓದಿ ಬಾಜಾರದಲ್ಲಿ ನನ್ನ ಬುಟ್ಟಿ ಯಾರೂ ಮುಟ್ಟದಿದ್ದರೂ ಸೈ. ಸರ್, ನೀವು ಅವತ್ತು ಕೇಳಿದಿರಿ. ಹಾಕಿದವಳು ನಾನು.