ಊಟದ ಮೇಜಿನ ಮೇಲೆ ದೊಡ್ಡಮ್ಮ

ನಗಬೇಡಿ ಗೆಳೆಯರೇ, ಇವತ್ತು ಮಧ್ಯಾಹ್ನ ತಮಿಳು ಸೀಮೆಯ ಪೋರೂರಿನ ನಮ್ಮ ಮನೆಯಲ್ಲಿ ದೊಡ್ಡಮ್ಮ ಊಟದ ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದರು. ಸೊಟ್ಟಗಿದ್ದ ನನ್ನ ಬೆನ್ನುಮೂಳೆಯನ್ನು ಈ ವಯಸ್ಸಿನಲ್ಲಿ ಆಪರೇಷನ್ ಮಾಡಿಸಿ ನೆಟ್ಟಗಾಗಿಸಿಕೊಂಡ ಮೇಲೆ, ಮೈಸೂರಿನಿಂದ ಬಂದು ನನ್ನ ತಲೆ ಬಾಚಿ, ಸೊಂಟದ ಬೆಲ್ಟ್ ಕಟ್ಟಿ ನೋಡಿಕೊಂಡವರು ಅವರೇ. ಇವತ್ತು ಊರಿಗೆ ಹೊರಟರು. ನಾನು ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರ ಅಪ್ಪಣೆ. ಕಾಲು ಮುಟ್ಟಿ ನಮಸ್ಕರಿಸದೆ ಅವರನ್ನು ಕಳಿಸಲು ಮಾತ್ರ ನನಗೆ ಮನಸ್ಸು ಬರಲಿಲ್ಲ.

"ನೀನು ಬಗ್ಗೋದು ಬೇಡ ಕಣೇ, ನಾನೇ ಮೇಲೆ ಬರ್ತೀನಿ" ಎಂದು ದೊಡ್ಡಮ್ಮ ಕುರ್ಚಿ ಹತ್ತಿ ಮೇಜೇರಿದರು. ನಾನು ನೆಟ್ಟಗೆ ನಿಂತೇ ಪಾದ ಮುಟ್ಟಿದೆ. ಇಬ್ಬರ ಕಣ್ಣೂ ಒದ್ದೆಯಾದವು. ಆಮೇಲೆ ನೋಡಿದರೆ ಅವರಿಗೆ ಇಳಿಯಲು ಆಗುತ್ತಿಲ್ಲ, ನಾನು ಅವರನ್ನು ಹಿಡಿದು ಇಳಿಸುವಂತಿಲ್ಲ. ಸ್ಟೇಷನ್ನಿಗೆ ಹೋಗುವ ಆಟೋ ಕೆಳಗೆ ಹಾರ್ನ್ ಮಾಡುತ್ತಿದೆ.

ಪಕ್ಕದ ಮನೆಯ ತಮಿಳು ಮಾಮಿಯನ್ನು ಕೂಗಿದೆ. ಬಂದವರು ಮೇಜಿನ ಮೇಲೆ ಕೂತ ದೊಡ್ಡಮ್ಮನನ್ನು ಕಂಡು, ಇದು ನಮ್ಮ ಕಡೆಯ ಯಾವುದೋ ಶಾಸ್ತ್ರವೆಂದುಕೊಂಡರು. "ಅಪ್ಪಡಿಯೇ ಇರುಂಗೋ" ಎಂದು ದೊಡ್ಡಮ್ಮನನ್ನು ಅಲ್ಲೇ ಇರಿಸಿ, ಸೊಸೆಯನ್ನೂ ಕರೆತಂದು, ಇಬ್ಬರೂ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ದೊಡ್ಡಮ್ಮ ಗಂಭೀರವಾಗಿ ಕನ್ನಡದಲ್ಲೇ ಹರಸಿದರು. ಅದಾದ ಮೇಲೇ ಅತ್ತೆ ಸೊಸೆ ಸೇರಿ ಅವರನ್ನು ಕೆಳಗಿಳಿಸಿದ್ದು.

ಬಾಗಿಲಲ್ಲಿ ದೊಡ್ಡಮ್ಮ ನನ್ನ ಕೆನ್ನೆ ಸವರಿದರು. "ಮುಂದಿನ ಸಲ ಬರೋ ಹೊತ್ತಿಗೆ ನೀನು ಬಗ್ಗೋ ಹಾಗಾಗಿರ್ತೀಯ, ಒಳ್ಳೇದೇ. ಆದ್ರೂ ನಾನು ಮೇಜಿನ ಮೇಲೇ ಕೂರೋದು. ಮೈಸೂರಲ್ಲಿ ನನಗೆ ಇಷ್ಟು ಮರ್ಯಾದೆ ಯಾರೇ ಕೊಡ್ತಾರೆ?"