ಟ್ರಿಯೊ ಸೊನಾಟಾದ ನಾಲ್ಕನೆಯವರು

ಜಪಾನಿನ ಕೋಬೆಯ ಅಕೌಸ್ಟಿಕ್ಸ್ ಕಂಪನಿಯೊಂದರಲ್ಲಿ ನಾನು ಸೀನಿಯರ್ ಎಂಜಿನಿಯರ್ ಆಗಿದ್ದ ಆರನೆಯ ವರ್ಷ. ಹಳೆಯ ಸಭಾಂಗಣವೊಂದನ್ನು ಸಂಗೀತಕ್ಕೆಂದು ನವೀಕರಿಸಿದ್ದರು. ನಾದ ಎಲ್ಲ ಕುರ್ಚಿಗಳಿಗೂ ಸರಿಯಾಗಿ ತಲುಪುತ್ತದೆಯೇ ಎಂದು ಅಳೆದು ಸಹಿ ಹಾಕುವುದು ನನ್ನ ಕೆಲಸ. ಯಂತ್ರದ ಪರೀಕ್ಷೆ ಮುಗಿದಿತ್ತು. ಕೊನೆಗೆ ಕಲಾವಿದರಿಂದಲೇ ನುಡಿಸಿ ನೋಡಬೇಕಿತ್ತು.

ಅದಕ್ಕೆ ಯುರೋಪಿನ ಬರೋಕ್ ಕಾಲದ ಟ್ರಿಯೊ ಸೊನಾಟಾ ಒಂದನ್ನು ಆರಿಸಿದ್ದೆ. ಹೆಸರು ಟ್ರಿಯೊ ಆದರೂ ಸಾಮಾನ್ಯವಾಗಿ ನುಡಿಸುವವರು ನಾಲ್ವರು. ಎರಡು ವಯಲಿನ್‌ಗೆ ಸ್ವರಗಳ ಎರಡು ಸಾಲು. ತಗ್ಗಿನ ಮೂರನೆಯ ಸಾಲನ್ನು ಚೆಲ್ಲೊ ಎಂಬ ದೊಡ್ಡ ತಂತಿವಾದ್ಯ ಮತ್ತು ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯ ಸೇರಿ ನುಡಿಸುತ್ತವೆ. ನನಗೆ ಮುಖ್ಯವಾಗಿ ಬೇಕಿದ್ದುದು ಚೆಲ್ಲೊದ ತಗ್ಗಿನ ಸ್ವರಗಳೇ.

ಮಧ್ಯಾಹ್ನ ಒಂದು ಗಂಟೆಗೆ ಹೋದರೆ ವೇದಿಕೆಯ ಮೇಲೆ ಮೂವರೇ ಇದ್ದರು. ಚೆಲ್ಲೊ ನುಡಿಸಬೇಕಿದ್ದ ಮೊರಿತಾ ಸಾನ್ ಕಾಣಲಿಲ್ಲ. ಬೆಂಗಳೂರಿನಿಂದ ಬಂದು ವರ್ಷವಾಗಿದ್ದ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಪ್ರಸಾದ್ ಅವರನ್ನು ಕೇಳಿದೆ.

"ಅವ್ರನ್ನ ವಾಪಸ್ ಕಳಿಸ್ದೆ ಮೇಡಂ. ಟ್ರಿಯೊ ಅಂದ್ರೆ ಮೂರೇ ಜನ ಅಲ್ವಾ? ಲಿಸ್ಟಲ್ಲಿ ಒಂದು ಹೆಸರು ಎಕ್ಸ್‌ಟ್ರಾ ಇತ್ತು, ತೆಗೆದಿದ್ದೆ. ಬರ್ಬೇಡಿ ಅಂತ ಅವ್ರಿಗೆ ಮೇಲ್ ಹಾಕೋದು ಮಿಸ್ ಆಯ್ತು."

ಎಪ್ಪತ್ತು ದಾಟಿದ ಆಕೆ ದೂರದ ನೋಮಿ ಊರಿನಿಂದ ಚೆಲ್ಲೊ ಹೊತ್ತು, ರೈಲು ಬದಲಿಸಿಕೊಂಡು ಬಂದಿದ್ದರು.

"ಏನಂದ್ರು?"

"ಏನೂ ಅನ್ಲಿಲ್ಲ. ಸುಮಿಮಾಸೆನ್ ಅಂತ ತಲೆ ಬಗ್ಗಿಸಿ ಹೊರಟ್ರು. ಅವ್ರಿಗೇನೂ ಪ್ರಾಬ್ಲಂ ಇರ್ಲಿಲ್ಲ."

ಆ ಮಾತಿಗೆ ನನ್ನ ಮೈ ಉರಿದುಹೋಯಿತು. "ತಪ್ಪು ಮಾಡಿದ್ದು ನಾವು, ಕ್ಷಮೆ ಕೇಳಿದ್ದು ಅವ್ರು. ಅದನ್ನ ಒಪ್ಪಿಗೆ ಅಂದ್ಕೊಂಡ್ರಾ?"

"ಕ್ಲೈಂಟ್ ಕಾಯ್ತಿದ್ದಾರೆ ಮೇಡಂ. ಇವತ್ತು ಮೂರು ಜನರಲ್ಲೇ ಮುಗಿಸೋಣ."

"ಹಾಗಾದ್ರೆ ರಿಪೋರ್ಟಿಗೂ ನೀವೇ ಸೈನ್ ಮಾಡಿ."

ಪರೀಕ್ಷೆ ರದ್ದಾಗಿದೆ, ತಪ್ಪು ನಮ್ಮದು ಎಂದು ಕ್ಲೈಂಟ್‌ಗೆ ನಾನೇ ಹೇಳಿದೆ. ವಯಲಿನ್‌ನವರಿಬ್ಬರೂ ವಾದ್ಯಗಳನ್ನು ಪೆಟ್ಟಿಗೆಗೆ ಸೇರಿಸಿದರು.

ಮರುದಿನ ಪ್ರಸಾದ್ ಅವರನ್ನು ಕರೆದುಕೊಂಡು ನೋಮಿಗೆ ಹೋದೆ. ಮೊರಿತಾ ಸಾನ್ ಚಹಾ ಕೊಟ್ಟು ಎದುರು ಕುಳಿತರು. "ನನ್ನ ಹೆಸರಿಲ್ಲ ಅಂದಾಗ, ನನ್ನ ಕೈ ಈಗ ಸಾಲದು ಎಂದು ನೀವೆಲ್ಲ ತೀರ್ಮಾನಿಸಿದಿರಿ ಅಂದುಕೊಂಡೆ" ಎಂದರು. ಮತ್ತೊಂದು ದಿನ ಬರಬೇಕೆಂದು ಬೇಡಿಕೊಂಡೆ. "ಈ ಸಲ ನನ್ನನ್ನು ಬಿಟ್ಟುಬಿಡಿ" ಎಂದರು, ಅಷ್ಟೇ ಮೃದುವಾಗಿ.

ಎರಡು ವಾರದ ನಂತರ ಬೇರೊಬ್ಬರು ಚೆಲ್ಲೊ ನುಡಿಸಿದರು. ಹಿಂದಿನ ಸಾಲಿನ ಕುರ್ಚಿಗಳಲ್ಲಿ ತಗ್ಗಿನ ಸ್ವರಗಳು ಗುಂಯ್‌ಗುಟ್ಟಿ ಉಳಿದೆಲ್ಲವನ್ನೂ ಮುಚ್ಚಿಹಾಕುತ್ತಿದ್ದವು. ಗೋಡೆಯ ಹಲಗೆಗಳನ್ನು ಬದಲಿಸಿದ ಮೇಲೆಯೇ ನಾನು ಸಹಿ ಹಾಕಿದ್ದು.

ಪ್ರಸಾದ್ ಮೇಲಿನ ಸಿಟ್ಟು ಕ್ರಮೇಣ ಇಳಿಯಿತು. ನನ್ನ ಮೇಲಿನದು ಇನ್ನೂ ಇಳಿದಿಲ್ಲ. ಪರೀಕ್ಷೆಗೆ ನಾಲ್ಕು ದಿನ ಮೊದಲೇ ಆ ಪಟ್ಟಿ ನನಗೂ ಬಂದಿತ್ತು. ಮೂರೇ ಹೆಸರು ನೋಡಿದ್ದೆ; ಟೈಪಿಂಗ್ ತಪ್ಪಿರಬೇಕು, ಪ್ರಸಾದ್ ಅವರೇ ಸರಿಮಾಡುತ್ತಾರೆ ಎಂದು ಬಿಟ್ಟಿದ್ದೆ. ಅನುಮಾನ ಬಂದ ಗಳಿಗೆಯಲ್ಲೇ ಕೇಳಿಬಿಡಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿದ್ದು ಇನ್ನೊಬ್ಬರ ಮನಸ್ಸು ಮುರಿದ ಮೇಲೆ. ಒಂದು ನಿಮಿಷದ ಫೋನ್ ಸಾಕಿತ್ತು.